ಎದೆಜೇಬಿನ ಕ್ವಿಗ್ಲಿ

ವರ್ನಾ ಗಂಡನ ಕೋಟಿನ ಎದೆಜೇಬನ್ನು ಎರಡು ಬೆರಳಿನಿಂದ ಅಗಲಿಸಿ ಹಿಡಿದು, ಇನ್ನೊಂದು ಕೈಯಿಂದ ಕಾರ್ಡನ್ನು ಒಳಗೆ ಇಳಿಸುತ್ತಿದ್ದಳು. ಜೇಬಿನ ಬಾಯಿಗೆ ಅಂಗಡಿಯಲ್ಲೇ ಹಾಕಿದ್ದ ಹೊಲಿಗೆ ಅರ್ಧ ಬಿಚ್ಚಿತ್ತು, ಅರ್ಧ ಹಾಗೇ ಇತ್ತು. ಮಗಳ ಮದುವೆಗೆಂದು ಕೊಂಡ ಕೋಟು ಅದು. ಆಮೇಲೆ ವಾಸಿಲ್ ಅದನ್ನು ತೊಟ್ಟದ್ದೆಲ್ಲ ಬೇರೆಯವರ ಮಣ್ಣಿಗೆ ಹೋಗುವಾಗ. ಇವತ್ತು ತನ್ನದಕ್ಕೆ ತೊಟ್ಟಿದ್ದ.

“ಓರೆ ಆಯ್ತಮ್ಮ,” ಎಂದಳು ಪಕ್ಕದಲ್ಲಿ ನಿಂತಿದ್ದ ಮಗಳು ಮಾರ್ಸಿ.

“ಆಗ್ಲಿ ಬಿಡು. ನೇರ ಇಟ್ರೂ ನಿಮ್ಮಪ್ಪ ಭೂತಗನ್ನಡಿ ಹಿಡಿದು ಓರೆ ಅಂತಾನೇ ಹೇಳ್ತಿದ್ರು.”

ಬೆಳಗಿನ ಒಂಬತ್ತು ಗಂಟೆಯ ಹೊತ್ತು. ಸಂತ ಮೈಕೆಲನ ಇಗರ್ಜಿಯಲ್ಲಿ ಪೂಜಾಪೀಠದ ಮುಂದೆ ತೆರೆದ ಪೆಟ್ಟಿಗೆಯಲ್ಲಿ ವಾಸಿಲ್ ಫೆಡೊರ್ಚಾಕ್ ಮಲಗಿದ್ದ. ತಲೆಯ ಬಳಿ ಎರಡು ಮೇಣದ ಬತ್ತಿ ಉರಿಯುತ್ತಿದ್ದವು. ಹತ್ತಕ್ಕೆ ಪೂಜೆ, ಅದು ಮುಗಿದ ಮೇಲೆ ಎಲ್ಲರೂ ಕಡೆಯ ಮುತ್ತು ಕೊಟ್ಟು, ಪೆಟ್ಟಿಗೆ ಮುಚ್ಚುವುದು. ಆಮೇಲೆ ಗುಡ್ಡದ ಮೇಲಿನ ಸ್ಮಶಾನ. ಅಲ್ಲಿ ಫಾದರ್ ಮೈರೊನ್ ಗುದ್ದಲಿಯಿಂದ ಗುಂಡಿಯ ನಾಲ್ಕೂ ಕಡೆ ಶಿಲುಬೆಯ ಗುರುತು ಹಾಕಿ ಸಮಾಧಿಗೆ ಮುದ್ರೆ ಒತ್ತುತ್ತಾರೆ. ಆ ಮುದ್ರೆ ಪ್ರಭು ಮತ್ತೆ ಬರುವ ದಿನದ ತನಕ. ಅಲ್ಲಿಯವರೆಗೆ ಅದನ್ನು ತೆರೆಯುವ ಹಕ್ಕು ಯಾರಿಗೂ ಇಲ್ಲವೆಂದು ಈ ಕಲ್ಲಿದ್ದಲ ಗುಡ್ಡಗಳ ಮಂದಿ ನಂಬಿಕೊಂಡು ಬಂದವರು.

ಜೇಬಿಗೆ ಇಳಿದ ಕಾರ್ಡು ಬೆಂಕಿಪೊಟ್ಟಣದಷ್ಟು ದೊಡ್ಡದು. ಮುಕ್ಕಾಲು ಶತಮಾನದ ಹಿಂದೆ ಸಿಗರೇಟಿನ ಪ್ಯಾಕಿನೊಳಗೆ ಬರುತ್ತಿದ್ದ ಬಗೆಯದು. ಕಿತ್ತಳೆ ಬಣ್ಣದ ಸಂಜೆಯ ಮುಂದೆ, ಚೆಂಡನ್ನು ಎದೆಗೊತ್ತಿಕೊಂಡು ನಿಂತ ಬೇಸ್‌ಬಾಲ್ ಆಟಗಾರ ಹಾರ್ಲನ್ ಕ್ವಿಗ್ಲಿಯ ಚಿತ್ರ. ಆದರೆ ಇದು ನಕಲಿ. ಊರಿನಲ್ಲಿ ಕಾರ್ಡು ಕೂಡಿಸುವ ಮಂದಿಯೆಲ್ಲ ಇದನ್ನು ಬಲ್ಲರು. ‘ವಾಸಿಲನ ಮೇಷ್ಟ್ರು’ ಎಂದೇ ಇದರ ಹೆಸರು.

“ಸ್ವರ್ಗದ ಬಾಗಿಲಲ್ಲಿ ಸಂತ ಪೀಟರ್ ಜೇಬು ತಡಕಿದ್ರೆ ಏನು ಗತಿ ವರ್ನಾ?” ಎಂದ ಚೆಟ್. ಮುಖ್ಯರಸ್ತೆಯಲ್ಲಿ ಕಾರ್ಡಿನ ಅಂಗಡಿ ಇಟ್ಟವನು, ವಾಸಿಲನಿಗೆ ನಲವತ್ತು ವರ್ಷದ ಗೆಳೆಯ. ಅತ್ತು ಅತ್ತು ಅವನ ಮೂಗು ಕೆಂಪಾಗಿತ್ತು. “ನಕಲಿ ಮಾಲು ಸಾಗಿಸ್ತಿದ್ದ ಅಂತ ಹಿಡಿದುಕೊಂಡ್ರೆ?”

“ಪೀಟರ್‌ಗೆ ಗೊತ್ತಾಗಬೇಕಲ್ಲ. ದಿನಾ ನೋಡ್ತಿದ್ದ ನಿಂಗೇ ಗೊತ್ತಾಗ್ಲಿಲ್ಲ,” ಎಂದು ವರ್ನಾ ಜೇಬಿನ ಮೇಲೆ ಅಂಗೈಯಾಡಿಸಿ ಸರಿಮಾಡಿದಳು.

⁂

ವಾಸಿಲ್ ಶರ್ಟಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವನು. ಐವತ್ತು ಪದರ ಬಟ್ಟೆಯನ್ನು ಒಟ್ಟಿಗೆ ಹಾಸಿ ಕತ್ತರಿಸಿ, ಅಂಚಿನ ಮೇಲೆ ಹೆಬ್ಬೆರಳು ಎಳೆದರೆ ಸಾಕು, ಯಾವ ಪದರ ಕೂದಲೆಳೆಯಷ್ಟು ಜರುಗಿದೆ ಎಂದು ಹೇಳಿಬಿಡುತ್ತಿದ್ದ. ಮಾತು ಕಡಿಮೆ. ಭಾನುವಾರ ಇಗರ್ಜಿಯಲ್ಲಿ ಹಾಡುವಾಗ ಮಾತ್ರ ದನಿ ಬಿಡುತ್ತಿದ್ದ.

ಹದಿನೈದು ವರ್ಷದ ಕೆಳಗೆ ಚೆಟ್‌ನ ಜೊತೆ ಫಿಲಡೆಲ್ಫಿಯಾಕ್ಕೆ ಹೋಗಿ, ಅಲ್ಲಿ ಕಾರ್ಡಿನವರ ಸಂತೆಯಲ್ಲಿ ಈ ಕ್ವಿಗ್ಲಿಯನ್ನು ತಂದ. ಚಿಕ್ಕಂದಿನಿಂದ ಆಸೆಪಟ್ಟ ಕಾರ್ಡು. ಒಂದು ಚಳಿಗಾಲವಿಡೀ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ನೋಡುತ್ತಾ ಸೂಪು ಕುಡಿದ. ವಸಂತದಲ್ಲಿ ಪಕ್ಕದ ಊರಿನವನೊಬ್ಬ ತನ್ನ ಕ್ವಿಗ್ಲಿಯನ್ನು ತೋರಿಸಲು ತಂದ. ವಾಸಿಲ್ ಎರಡನ್ನೂ ಅಕ್ಕಪಕ್ಕ ಇಟ್ಟ. ಭೂತಗನ್ನಡಿಯಲ್ಲಿ ನೋಡಿದ, ನೀಲಿ ದೀಪದ ಕೆಳಗೆ ಹಿಡಿದ. ಹೊಸ ಕಾಗದವಾದರೆ ಆ ದೀಪದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಎರಡೂ ಹೊಳೆಯಲಿಲ್ಲ. ಕಡೆಗೆ ಒಂದೊಂದನ್ನೇ ಅಂಚಿನಲ್ಲಿ ಹಿಡಿದು ಕಿವಿಯ ಬಳಿ ಉಗುರಿನಿಂದ ಮೀಟಿದ.

ಪಕ್ಕದ ಊರಿನವನ ಕಾರ್ಡು ಒಂದೇ ದನಿಯಲ್ಲಿ ಮಾತಾಡಿತು. ತನ್ನದರಲ್ಲಿ ಎರಡು ದನಿ ಇತ್ತು.

ಯಾರೋ ಹಳೆಯ ಪುಸ್ತಕಗಳ ಕೊನೆಯ ಖಾಲಿ ಹಾಳೆಗಳನ್ನು ಕಿತ್ತು, ಮುಂದೊಂದು ಹಿಂದೊಂದು ಅಚ್ಚು ಹಾಕಿ, ಹಿಟ್ಟಿನ ಅಂಟಿನಿಂದ ಕೂಡಿಸಿದ್ದರು. ಅಂಚನ್ನು ಮೇಣದಿಂದ ಉಜ್ಜಿ ಸೇರಿಸಿದ್ದರು. ಕಾಗದ ಹಳೆಯದೇ, ಹಾಗಾಗಿ ದೀಪಕ್ಕೆ ಸಿಕ್ಕಲಿಲ್ಲ. ಅಂಟಿನ ಆ ತೆಳು ಪದರ ಮಾತ್ರ ಕಿವಿಗೆ ಸಿಕ್ಕಿತು.

“ಮೋಸ ಹೋದೆ ವರ್ನಾ,” ಎಂದಿದ್ದ, ಅವತ್ತು ಸೂಪನ್ನು ಮುಟ್ಟದೆ.

ಮಾರಿದವನನ್ನು ಹುಡುಕಿಕೊಂಡು ಹೋಗಲಿಲ್ಲ. ಆದರೆ ಮುಚ್ಚಿಡಲೂ ಇಲ್ಲ. ಚೆಟ್‌ನ ಅಂಗಡಿಯಲ್ಲಿ ನಿಂತು ನಾಲ್ಕು ಜನರ ಮುಂದೆ ಹೇಳಿದ. ಆಮೇಲೆ ವಿಚಿತ್ರ ನಡೆಯಿತು: ಜನ ತಮ್ಮ ತಮ್ಮ ಕಾರ್ಡುಗಳನ್ನು ಅವನ ಬಳಿ ತರತೊಡಗಿದರು. ತಾನು ಮೋಸ ಹೋದೆ ಎಂದು ಬಾಯಿಬಿಟ್ಟು ಹೇಳಿದವನು ನಮಗೆ ಸುಳ್ಳು ಹೇಳಲಾರ ಎಂದುಕೊಂಡರೋ ಏನೋ. ಕಲಿಯಬೇಕೆಂದು ಬಂದವರ ಕೈಗೆ ವಾಸಿಲ್ ಮೊದಲು ಕೊಡುತ್ತಿದ್ದುದು ಈ ನಕಲಿಯನ್ನೇ. ನೋಡಿ ಹೇಳು ಎನ್ನುತ್ತಿದ್ದ. ಎಲ್ಲರೂ ನಿಜವೆಂದೇ ಹೇಳುತ್ತಿದ್ದರು.

“ಬೆನ್ನ ಮೇಲೆ ನಕಲಿ ಅಂತ ಬರೆದಿಡಬಾರದಾ?” ಎಂದು ವರ್ನಾ ಒಮ್ಮೆ ಕೇಳಿದ್ದಳು.

“ಬರೆದ್ರೆ ಇದು ಯಾರಿಗೂ ಏನೂ ಕಲಿಸಲ್ಲ. ಮೊದಲು ಮೋಸ ಹೋಗ್ಬೇಕು.”

“ನಾಳೆ ನಿಮಗೇನಾದ್ರೂ ಆದ್ರೆ?”

“ನನ್ನ ಜೊತೆ ಕಳಿಸು. ನಾನಿಲ್ದೆ ಇದು ಊರಲ್ಲಿ ಓಡಾಡಬಾರದು. ವಾಸಿಲನ ಮನೆಯಿಂದ ಬಂತು ಅಂದ್ರೆ ಕಣ್ಣುಮುಚ್ಚಿ ನಿಜ ಅಂತಾರೆ.”

“ಈಗ್ಲೇ ಒಲೆಗೆ ಹಾಕಿಬಿಡಿ ಮತ್ತೆ.”

ವಾಸಿಲ್ ಆ ಕಾರ್ಡನ್ನು ನೋಡಿ ನಕ್ಕಿದ್ದ. “ಮೇಷ್ಟ್ರನ್ನ ಒಲೆಗೆ ಹಾಕ್ತಾರೇನೇ?”

⁂

ಸಾಲು ನಿಧಾನವಾಗಿ ಸರಿಯುತ್ತಿತ್ತು. ಕಾರ್ಖಾನೆಯ ಹೆಂಗಸರು, ಇಗರ್ಜಿಯ ಗಾಯಕರು, ಕಾರ್ಡಿನ ಮಂದಿ. ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯ ಅಂಚು ಮುಟ್ಟಿ, ಶಿಲುಬೆಯ ಗುರುತು ಹಾಕಿಕೊಂಡು, ವರ್ನಾಳ ಕೈ ಹಿಡಿದು ಹೋಗುತ್ತಿದ್ದರು. ಸಾಲಿನ ಕೊನೆಗೆ ಓವೆನ್ ಪ್ರಾಸರ್ ಬಂದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಹಳ್ಳದಾಚೆಯ ವೇಲ್ಸಿನವರ ಪ್ರಾರ್ಥನಾಮಂದಿರಕ್ಕೆ ಸೇರಿದವನು. ಇಷ್ಟೊಂದು ಧೂಪ, ಇಷ್ಟೊಂದು ಚಿತ್ರಪಟಗಳ ನಡುವೆ ಎಲ್ಲಿ ಕೈಯಿಡುವುದೆಂದು ತಿಳಿಯದೆ ಅವನು ಟೋಪಿಯನ್ನು ಹಿಂಡುತ್ತಿದ್ದ.

“ಮಿಸೆಸ್ ಫೆಡೊರ್ಚಾಕ್, ಇವತ್ತು ಕೇಳೋ ಮಾತಲ್ಲ ಇದು. ತಪ್ಪು ತಿಳೀಬೇಡಿ.”

“ಕೇಳು ಓವೆನ್.”

“ಸೋಮವಾರ ಒಂದು ಕಾರ್ಡು ಬಿಟ್ಟುಹೋಗಿದ್ದೆ. ಅಪ್ಪಂದು.”

“ಇದೆಯಪ್ಪ, ಜೋಪಾನವಾಗಿದೆ. ಲಕೋಟೆ ಮೇಲೆ ನಿನ್ನ ಹೆಸರು ಬರೆದು ಮಾರ್ಸಿ ಹತ್ರ ಕೊಟ್ಟಿದೀನಿ.”

“ಅವರು ಏನಾದ್ರೂ ಹೇಳಿದ್ರಾ? ನಿಜನೋ ಅಲ್ವೋ ಅಂತ.”

ವರ್ನಾ ಇಲ್ಲವೆಂದು ತಲೆಯಾಡಿಸಿದಳು. “ನೋಡ್ತಾ ಕೂತಿದ್ರು. ನೋಡ್ತಾ ಕೂತಲ್ಲೇ ಹೋದ್ರು.”

ಓವೆನ್ ಟೋಪಿಯ ಕಡೆ ನೋಡಿದ. ಅವನ ತಂದೆ ಐವರ್ ಪ್ರಾಸರ್ ತೀರಿಕೊಂಡು ಎರಡು ತಿಂಗಳು. ಎಂಬತ್ತಾರು ವರ್ಷ ಬದುಕಿದವನು, ಎಂಬತ್ತಾರು ವರ್ಷವೂ ಕತೆ ಕಟ್ಟಿದವನು ಎಂದು ಊರು ನಗುತ್ತಿತ್ತು. ಅವನ ಕತೆಗಳಲ್ಲೆಲ್ಲ ಹೆಸರುವಾಸಿಯಾದದ್ದು ಕ್ವಿಗ್ಲಿಯದು. ತಂಡ ಈ ಕಣಿವೆಗೆ ಆಡಲು ಬಂದಾಗ, ಒಂಬತ್ತು ವರ್ಷದ ಐವರ್ ಸ್ಟೇಷನ್ನಿನಿಂದ ಮೈದಾನದ ತನಕ ಕ್ವಿಗ್ಲಿಯ ಚೀಲ ಹೊತ್ತನಂತೆ. ಕ್ವಿಗ್ಲಿ ತನ್ನ ಸಿಗರೇಟು ಪ್ಯಾಕು ಒಡೆದು ತನ್ನದೇ ಚಿತ್ರ ಕೊಟ್ಟನಂತೆ. ಗಣಿಯೊಳಗೆ ಯಾರಾದರೂ ನಂಬಲಾಗದ ಮಾತಾಡಿದರೆ ‘ಹೌದಪ್ಪ, ನೀನೂ ಕ್ವಿಗ್ಲಿ ಚೀಲ ಹೊತ್ತೆ’ ಎನ್ನುವುದು ರೂಢಿಯಾಗಿತ್ತು. ಕಾರ್ಡನ್ನು ಅಂಚೆಯಲ್ಲಿ ತರಿಸಿಕೊಂಡ ನಕಲು ಎಂದು ಸ್ವಂತ ಹೆಂಡತಿಯೇ ಹೇಳುತ್ತಿದ್ದಳು. ಐವರ್ ಅದನ್ನು ತಗಡಿನ ಡಬ್ಬಿಯಿಂದ ತೆಗೆದು ದೂರದಿಂದ ತೋರಿಸುತ್ತಿದ್ದನೇ ಹೊರತು ಯಾರ ಕೈಗೂ ಕೊಟ್ಟವನಲ್ಲ.

ಮಾರ್ಸಿ ಲಕೋಟೆ ತಂದಳು. ಓವೆನ್ ಕಾರ್ಡನ್ನು ಹೊರತೆಗೆದು ಬೆಳಕಿಗೆ ಹಿಡಿದ.

“ಇದೇನಾ?” ಎಂದ, ತನ್ನನ್ನೇ ಕೇಳಿಕೊಳ್ಳುವಂತೆ. “ಬೆನ್ನ ಮೇಲೆ ಚಹಾ ಬಿದ್ದ ಹಾಗೆ ಕಲೆ ಇತ್ತು. ಹೂಂ, ಇದೆ.”

“ಕಲೆ ಮೇಷ್ಟ್ರ ಬೆನ್ನಿಗೂ ಇದೆಯಲ್ಲ,” ಎಂದುಬಿಟ್ಟ ಚೆಟ್.

“ನಂಗೇನೂ ಅನುಮಾನ ಇಲ್ಲ,” ಎಂದಳು ವರ್ನಾ. “ಬಂದ ಕಾರ್ಡು ಎಡಗಡೆ, ಮೇಷ್ಟ್ರು ಬಲಗಡೆ. ಅವರ ಪದ್ಧತಿ ಅದು. ಎಡಗಡೆದು ಲಕೋಟೆಗೆ ಹಾಕ್ದೆ.”

ಮಾರ್ಸಿ ತಾಯಿಯ ತೋಳು ಹಿಡಿದಳು. “ಯಾವಾಗ ಎತ್ಕೊಂಡೆ ಅಮ್ಮ? ಆಂಬುಲೆನ್ಸ್‌ನವರು ಬರೋಕೆ ಮುಂಚೆನಾ?”

“ಅವರು ಹೋದ್ಮೇಲೆ.”

“ಸ್ಟ್ರೆಚರ್ ನುಗ್ಗಲಿಲ್ಲ ಅಂತ ಮೇಜು ತಿರುಗಿಸಿ ಗೋಡೆ ಕಡೆ ಸರಿಸಿದ್ರಲ್ಲ. ನಾನೇ ಒಂದು ಕಡೆ ಹಿಡಿದಿದ್ದೆ.”

ಅದು ದುಂಡು ಮೇಜು. ಮೇಲೆ ಉಣ್ಣೆಯ ಬಟ್ಟೆ ಹಾಸಿದ್ದರಿಂದ ಕಾರ್ಡುಗಳು ಜಾರಿರಲಿಲ್ಲ. ಎಷ್ಟು ತಿರುಗಿತು, ಅರ್ಧ ಸುತ್ತೋ ಪೂರ್ತಿಯೋ, ಮಾರ್ಸಿಗೂ ನೆನಪಿರಲಿಲ್ಲ. ಆ ಹೊತ್ತಿನಲ್ಲಿ ಯಾರು ನೋಡುತ್ತಾರೆ.

ವರ್ನಾ ಪೆಟ್ಟಿಗೆಯ ಕಡೆ ತಿರುಗಿ, ಎದೆಜೇಬಿನ ಕಾರ್ಡನ್ನು ಮೇಲೆಳೆದಳು. ಎರಡೂ ಅವಳ ಅಂಗೈಯಲ್ಲಿ ಅಕ್ಕಪಕ್ಕ ಮಲಗಿದವು. ಎರಡು ಕಿತ್ತಳೆ ಸಂಜೆ, ಎರಡು ಕಲೆ. ಇಬ್ಬರು ಕ್ವಿಗ್ಲಿಯರೂ ಅವಳನ್ನು ಒಂದೇ ರೀತಿ ನೋಡಿದರು.

ಚೆಟ್ ಅವನ್ನು ಕಿಟಕಿಯ ಬಳಿ ಒಯ್ದು ತನ್ನ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಮರಳಿ ಬಂದಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

“ನಿಜದ್ದರಲ್ಲಿ ಇರಬೇಕಾದ್ದೆಲ್ಲ ಎರಡರಲ್ಲೂ ಇದೆ ವರ್ನಾ. ಬಣ್ಣ, ಅಂಚು, ಹಿಂದಿನ ಅಚ್ಚು. ಮೇಷ್ಟ್ರ ವಿಷಯ ಕಣ್ಣಿಗೆ ಆಗೋ ಕೆಲಸ ಅಲ್ಲ, ಅವನೇ ಹೇಳ್ತಿದ್ದ. ನಾನು ಹದಿನೈದು ವರ್ಷ ಮೀಟಿ ನೋಡಿದೀನಿ. ನನ್ನ ಕಿವಿಗೆ ಎಲ್ಲಾ ಕಾರ್ಡೂ ಒಂದೇ.”

“ಸದ್ಯಕ್ಕೆ ಎರಡನ್ನೂ ಓವೆನ್‌ಗೆ ಕೊಟ್ಬಿಡೋಣ,” ಎಂದಳು ಮಾರ್ಸಿ. “ಆಮೇಲೆ ಯಾರ ಹತ್ರನಾದ್ರೂ ತೋರಿಸಿದ್ರಾಯ್ತು.”

“ಆಮೇಲೆ ಅನ್ನೋದು ನಿಮ್ಮಪ್ಪಂಗೆ ಇಲ್ಲ.” ವರ್ನಾಳ ದನಿ ಏರಲಿಲ್ಲ. “ಹನ್ನೊಂದೂವರೆಗೆ ಮುದ್ರೆ ಬೀಳುತ್ತೆ. ನನ್ನ ಜೊತೆ ಕಳಿಸು ಅಂದಿದ್ರು, ಹೂಂ ಅಂದಿದ್ದೆ. ಅವರು ಕೇಳಿದ್ದು ಅದೊಂದೇ. ಹಾಗಂತ ಕಣ್ಣುಮುಚ್ಚಿ ಒಂದನ್ನ ಇಟ್ರೆ, ಇನ್ನೊಬ್ಬರ ವಸ್ತು ಜೇಬಲ್ಲಿಟ್ಕೊಂಡು ದೇವರ ಮುಂದೆ ನಿಲ್ತಾರೆ. ಇಲ್ಲಿ ಓವೆನ್ ಮನೇಲಿ ಸುಳ್ಳು ಕೂತಿರುತ್ತೆ. ಎರಡೂ ನನ್ನ ಕೈಯಿಂದ ಆದ ಹಾಗೆ.”

ಓವೆನ್ ಏನೋ ಹೇಳಲು ಹೋದ. ಇಟ್ಟುಬಿಡಿ, ಪರವಾಗಿಲ್ಲ ಎನ್ನಬೇಕೆಂದಿದ್ದ. ಆದರೆ ಅವನ ಕಣ್ಣು ಕಾರ್ಡುಗಳನ್ನು ಬಿಟ್ಟು ಕದಲಲಿಲ್ಲ.

ವರ್ನಾ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು. ಅವಳು ಪ್ರಾರ್ಥಿಸುತ್ತಿದ್ದಾಳೆಂದು ಮಿಕ್ಕವರು ತಲೆ ತಗ್ಗಿಸಿದರು. ಅವಳು ಪ್ರಾರ್ಥಿಸುತ್ತಲೂ ಇದ್ದಳು, ನೆನಪು ಮಾಡಿಕೊಳ್ಳುತ್ತಲೂ ಇದ್ದಳು.

⁂

ಹದಿನೈದು ವರ್ಷ ಜನ ವಾಸಿಲನ ಮೇಜಿಗೆ ಬಂದರು. ಹದಿನೈದು ವರ್ಷವೂ ವರ್ನಾ ಬಾಗಿಲಿನಾಚೆ ಅಡುಗೆಮನೆಯಲ್ಲಿ, ಅವರಿಗೆ ಬೆನ್ನು ಮಾಡಿ, ಪಾತ್ರೆ ತೊಳೆಯುತ್ತಾ ನಿಂತಿದ್ದಳು. ಕಾರ್ಡುಗಳ ಬಗ್ಗೆ ಅವಳಿಗೆ ಆಸಕ್ತಿ ಇರಲಿಲ್ಲ. ಭೂತಗನ್ನಡಿಗೆ ಒಮ್ಮೆಯೂ ಕಣ್ಣಿಟ್ಟವಳಲ್ಲ. ಆದರೆ ಬಂದವರು ಹೋಗುವ ಮುಂಚೆ ಕಾಫಿ ಕೊಡುವುದು ಅವಳ ಕೆಲಸ. ಕಾಫಿಯ ಜೊತೆ ಅಕ್ರೋಟು ತುಂಬಿ ಸುತ್ತಿದ ಸಿಹಿರೊಟ್ಟಿಯ ಒಂದು ತುಂಡು.

ವಾಸಿಲ್ ತೀರ್ಪು ಹೇಳಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದ. ಮೀಟಿದ ಮೇಲೆಯೂ ಸುಮ್ಮನೆ ಕೂತಿರುತ್ತಿದ್ದ. ಕೆಟ್ಟ ಸುದ್ದಿಯಾದರೆ ಇನ್ನೂ ಹೆಚ್ಚು ಹೊತ್ತು. ಅಷ್ಟರಲ್ಲಿ ವರ್ನಾ ರೊಟ್ಟಿ ಕತ್ತರಿಸಿ ಆಗಿರುತ್ತಿತ್ತು. ನಿಜವಾದ ಕಾರ್ಡಿನವರಿಗೆ ಸಾಧಾರಣ ತುಂಡು. ಸಂತೋಷದಲ್ಲಿರುವವರಿಗೆ ತಿಂಡಿಯ ರುಚಿ ಎಲ್ಲಿ ಗೊತ್ತಾಗುತ್ತದೆ. ನಕಲಿಯವರಿಗೆ ಎರಡು ಬೆರಳು ಜಾಸ್ತಿ ದಪ್ಪ.

ಒಂದು ದಿನ ವಾಸಿಲ್ ಅದನ್ನು ಗಮನಿಸಿದ. “ನಾನಿನ್ನೂ ಬಾಯಿ ಬಿಟ್ಟಿರಲ್ಲ. ನಿಂಗೆ ಹೇಗೆ ಗೊತ್ತಾಗುತ್ತೆ?”

“ಏನು ಗೊತ್ತಾಗುತ್ತೆ?”

“ಯಾರಿಗೆ ದೊಡ್ಡ ತುಂಡು ಅಂತ.”

ಅವಳು ಯೋಚಿಸಿದಳು. ತನಗೆ ಗೊತ್ತೆಂಬುದೇ ಅವಳಿಗೆ ಅಲ್ಲಿಯತನಕ ಗೊತ್ತಿರಲಿಲ್ಲ. “ನೀವು ಮೀಟ್ತೀರಲ್ಲ,” ಎಂದಳು.

ಮೊನ್ನೆ ಸೋಮವಾರ ಮಾತ್ರ ಅವಳು ಕೇಳಿಸಿಕೊಂಡಿರಲಿಲ್ಲ. ಬ್ರೆಡ್ಡಿನ ಹಿಟ್ಟಿಗೆ ಮಿಕ್ಸರ್ ಹಾಕಿದ್ದಳು. ಅದರ ಗಲಾಟೆ ನಿಂತಾಗ ಮುಂದಿನ ಕೋಣೆಯೂ ನಿಶ್ಶಬ್ದವಾಗಿತ್ತು. ಯೋಚಿಸುತ್ತಿದ್ದಾರೆ ಎಂದುಕೊಂಡು ಹಿಟ್ಟು ಮುಚ್ಚಿಟ್ಟು, ಒಲೆ ಒರೆಸಿ, ಆಮೇಲೆ ಹೋಗಿ ನೋಡಿದಳು.

⁂

ಇಗರ್ಜಿಯ ನೆಲಮಾಳಿಗೆಯಲ್ಲಿ ನೂರಿಪ್ಪತ್ತು ಜನರ ಊಟ ಸಿದ್ಧವಾಗುತ್ತಿತ್ತು. ಆಲೂಗಡ್ಡೆ ತುಂಬಿದ ಪಿರೋಹಿ ಕಡುಬುಗಳು ದೊಡ್ಡ ಹಂಡೆಗಳಲ್ಲಿ ಕುದಿಯುತ್ತಿದ್ದವು. ಮೆಟ್ಟಿಲಿಳಿದು ಬಂದ ವರ್ನಾಳನ್ನು ಕಂಡು ಅಡುಗೆಯ ಯಜಮಾನಿ ಟೆಕ್ಲಾ ಸೌಟು ಹಿಡಿದೇ ಅಡ್ಡ ಬಂದಳು.

“ಇವತ್ತೂ ಇಲ್ಲಿಗೆ ಬಂದ್ಯಾ? ಉಪ್ಪು ಸರಿಯಾಗಿದೆ. ಹೋಗಿ ನಿನ್ನ ಗಂಡನ ಹತ್ರ ಕೂತ್ಕೋ.”

“ಉಪ್ಪು ನೋಡೋಕೆ ಬರ್ಲಿಲ್ಲ ಕಣೇ. ಎರಡು ನಿಮಿಷ ಸ್ಟೌ ಆರಿಸು. ಯಾರೂ ಮಾತಾಡಬೇಡಿ.”

“ನಾನು ಮಾತಾಡ್ದೆ ಇದ್ರೆ ಕಡುಬು ಬೇಯಲ್ಲ,” ಎಂದು ಗೊಣಗುತ್ತಲೇ ಟೆಕ್ಲಾ ಸ್ಟೌ ಆರಿಸಿದಳು.

ಅಡುಗೆಮನೆಗೂ ಊಟದ ಹಜಾರಕ್ಕೂ ನಡುವೆ ಬಡಿಸುವ ಕಿಂಡಿ ಇತ್ತು. ಆ ಕಡೆ ಚೆಟ್ ಮೇಜಿನ ಮುಂದೆ ಕೂತ. ಓವೆನ್, ಮಾರ್ಸಿ ಅವನ ಪಕ್ಕ ನಿಂತರು. ಈ ಕಡೆ ವರ್ನಾ ಕಿಂಡಿಗೆ ಬೆನ್ನು ಮಾಡಿ ತೊಟ್ಟಿಯ ಮುಂದೆ ನಿಂತಳು.

ಚೆಟ್ ಮೊದಲ ಕಾರ್ಡನ್ನು ಮೀಟಿದ. ಎರಡನೆಯದನ್ನು ಮೀಟಿದ.

“ಸೊಳ್ಳೆ ಹೊಡೀತಿದೀಯೇನೋ?” ಎಂದಳು ವರ್ನಾ. “ಮೊಣಕೈ ಮೇಜಿನ ಮೇಲೆ ಊರು. ಎರಡು ಬೆರಳಲ್ಲಿ ಹಿಡಿ, ಅದುಮಬೇಡ. ಉಗುರಿನ ತುದಿ ಮಾತ್ರ. ಮೂರು ಸಲ.”

ಅವನು ಹಾಗೆಯೇ ಮಾಡಿದ. ವರ್ನಾ ಉಸಿರು ಹಿಡಿದು ಕೇಳಿದಳು. ಮತ್ತೆ ಮಾಡು ಎಂದಳು. ಮತ್ತೆ ಕೇಳಿದಳು. ಎರಡೂ ಒಣ ಎಲೆಯಂತೆ ಚಟಚಟ ಎಂದವು. ಅಷ್ಟೇ. ಮೇಲೆ ಗಾಯಕರು ದನಿ ಸರಿಮಾಡಿಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು. ಒಂಬತ್ತೂವರೆ ದಾಟಿತ್ತು.

“ಆಗ್ತಿಲ್ಲ,” ಎಂದಳು. ಅವಳ ಕೈ ತೊಟ್ಟಿಯ ಅಂಚನ್ನು ಹಿಡಿದುಕೊಂಡಿತು. “ಎಲ್ಲಾ ಒಂದೇ ಥರ ಕೇಳ್ತಿದೆ.”

ಮಾರ್ಸಿ ಕಿಂಡಿಯಲ್ಲಿ ಬಗ್ಗಿ ನೋಡಿದಾಗ ಕಂಡದ್ದು ತಾಯಿಯ ಬೆನ್ನು. ಹುಟ್ಟಿದಾಗಿನಿಂದ ನೋಡಿದ ಬೆನ್ನು ಅದು. ಆದರೆ ಇವತ್ತು ಅದರಲ್ಲಿ ಏನೋ ಕಡಿಮೆಯಿದೆ ಅನ್ನಿಸಿತು.

“ಅಮ್ಮ, ನೀನು ಮನೇಲಿ ಸುಮ್ನೆ ನಿಂತು ಕೇಳಿದ್ದೇ ಇಲ್ವಲ್ಲ,” ಎಂದಳು.

ವರ್ನಾ ನಲ್ಲಿ ತಿರುಗಿಸಿದಳು. ನೀರು ಸುರಿಯಿತು. ಕಪ್ಪು ಕೋಟಿನ ತೋಳನ್ನು ಮೊಣಕೈಗೇರಿಸಿ, ತೊಟ್ಟಿಯಲ್ಲಿದ್ದ ಬೋಗುಣಿಯೊಂದನ್ನು ಎತ್ತಿಕೊಂಡು ತಿಕ್ಕತೊಡಗಿದಳು. ಅವಳ ಹೆಗಲು ಕೆಳಗಿಳಿಯಿತು.

“ಮೀಟು,” ಎಂದಳು ತಿರುಗದೆ.

ಚೆಟ್ ಮೀಟಿದ.

ನೀರಿನ ಸದ್ದಿನೊಳಗಿಂದ ಅದು ಬಂತು. ದನಿ, ಅದರ ಹಿಂದೆಯೇ ಅಂಟಿಕೊಂಡು ಬಂದ ಇನ್ನೊಂದು ಸಣ್ಣ ದನಿ.

“ಇವರು ಮೇಷ್ಟ್ರು.”

ಚೆಟ್ ಇನ್ನೊಂದನ್ನು ಮೀಟಿದ. ಒಂದೇ ದನಿ, ಗಿಡ್ಡದು. ಬಂತು, ಹೋಯಿತು.

“ಅದು ಓವೆನ್‌ದು.”

“ಖಾತ್ರಿನಾ?” ಎಂದ ಚೆಟ್. “ತಾಳು. ನಂಬಲ್ಲ ಅಂತಲ್ಲ. ಅವನಾಗಿದ್ರೂ ಇನ್ನೊಂದ್ಸಲ ನೋಡ್ತಿದ್ದ.” ಅವನು ಯಾವುದು ಜೇಬಿನದೆಂಬ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಕಾರ್ಡುಗಳನ್ನು ಮೇಜಿನ ಕೆಳಗೆ ಅದಲುಬದಲು ಮಾಡಿ ಮೀಟಿದ. ಮೇಷ್ಟ್ರು, ಎಂದಳು. ಮತ್ತೆ ಬದಲಿಸಿದ. ಓವೆನ್. ಒಂದನ್ನೇ ಎರಡು ಸಲ ಮೀಟಿ ನೋಡಿದ. “ಈಗ್ಲೂ ಓವೆನ್‌ದೇ. ಆಟ ಆಡಬೇಡ ಚೆಟ್, ಹೊತ್ತಾಯ್ತು.” ಏಳು ಸಲ ಆಯಿತು. ಏಳು ಸಲವೂ ಅವಳ ಕೈ ಬೋಗುಣಿಯನ್ನು ತಿಕ್ಕುವುದು ನಿಲ್ಲಲಿಲ್ಲ.

“ಒಂದು ಸಲವೂ ತಪ್ಪಲಿಲ್ಲ,” ಎಂದ ಚೆಟ್. “ಜೇಬಲ್ಲಿದ್ದದ್ದೇ ಓವೆನ್‌ದು, ವರ್ನಾ. ಅದನ್ನೇ ಮಣ್ಣು ಮಾಡ್ತಿದ್ವಿ.”

ವರ್ನಾ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಬಾಗಿಲು ದಾಟಿ ಹಜಾರಕ್ಕೆ ಬಂದಳು. ಓವೆನ್ ಮಡಚುವ ಕುರ್ಚಿಯೊಂದರಲ್ಲಿ ಕೂತುಬಿಟ್ಟಿದ್ದ. ಅವಳು ಅವನ ಮುಂದೆ ನಿಂತಳು. ಗಂಡ ಎಷ್ಟೋ ಮಂದಿಗೆ ಹೇಳಿದ್ದನ್ನು ಬೆನ್ನ ಹಿಂದಿನಿಂದ ಕೇಳಿದ್ದವಳು ಇವತ್ತು ಎದುರು ನಿಂತು ಹೇಳಬೇಕಾಯಿತು.

“ನಿಜದ್ದು ಓವೆನ್.”

ಅವನು ತಲೆಯೆತ್ತಲಿಲ್ಲ. “ಹಾಗಾದ್ರೆ ಅಪ್ಪ…”

“ಕಾರ್ಡು ನಿಜ ಅಷ್ಟೇ,” ಎಂದ ಚೆಟ್ ಮೆಲ್ಲಗೆ. “ಚೀಲ ಹೊತ್ತದ್ದು ನಿಜನೋ ಅಲ್ವೋ ಅಂತ ವಾಸಿಲ್ ಇದ್ದಿದ್ರೂ ಹೇಳ್ತಿರ್ಲಿಲ್ಲ.”

“ಗೊತ್ತು. ಅಷ್ಟು ಸಾಕು.” ಓವೆನ್ ಟೋಪಿಯನ್ನು ಮೊಣಕಾಲ ಮೇಲೆ ಚಪ್ಪಟೆ ಮಾಡಿದ. “ಕೊನೆ ವಾರ ಆಸ್ಪತ್ರೇಲಿ ಅಪ್ಪ ಮತ್ತೆ ಶುರು ಮಾಡಿದ್ರು. ಕ್ವಿಗ್ಲಿ ಕೈ ಹೇಗಿತ್ತು ಗೊತ್ತಾ ಅಂತ. ನಾನು, ಸಾಕು ಸುಮ್ನಿರಪ್ಪ, ನರ್ಸುಗಳು ನಗ್ತಾರೆ ಅಂದೆ. ಸುಮ್ಮನಾದ್ರು. ಹೇಗಿತ್ತು ಅಂತ ಹೇಳ್ಲೇ ಇಲ್ಲ.”

ಟೆಕ್ಲಾ ಕಿಂಡಿಯಿಂದಲೇ ಒಂದು ಬಟ್ಟಲು ಕಾಫಿ ಮುಂದೆ ತಳ್ಳಿದಳು. “ಕುಡಿಯಪ್ಪ,” ಎಂದಳು. “ಸ್ಟೌ ಹಚ್ಚಲಾ ವರ್ನಾ?”

“ಹಚ್ಚು.”

⁂

ಪೆಟ್ಟಿಗೆ ಮುಚ್ಚುವ ಮುಂಚೆ ವರ್ನಾ ಜೇಬಿನ ಉಳಿದ ಹೊಲಿಗೆಯನ್ನೂ ಉಗುರಿನಿಂದ ಕಿತ್ತು, ಮೇಷ್ಟ್ರನ್ನು ನೇರವಾಗಿ ಒಳಗಿಟ್ಟಳು. ಫಾದರ್ ಮೈರೊನ್ ಧೂಪದ ಪಾತ್ರೆ ಹಿಡಿದು ಕಾಯುತ್ತಿದ್ದರು. ಇಡೀ ಸಂಗತಿ ಮೆಟ್ಟಿಲು ಹತ್ತಿ ಅವರಿಗೂ ತಲುಪಿತ್ತು.

“ಫಾದರ್, ಸುಳ್ಳು ವಸ್ತು. ಪವಿತ್ರ ಮಣ್ಣಲ್ಲಿ ಇಡಬಹುದಾ?”

“ನಾವೂ ಅಲ್ಲಿಗೇ ಹೋಗೋರಲ್ವೇನಮ್ಮ,” ಎಂದರು ಪಾದ್ರಿ. “ಇಡು.”

ಅವಳು ಬಗ್ಗಿ ಗಂಡನ ಹಣೆಗೆ ಮುತ್ತಿಟ್ಟಳು. ಅವನ ಬಲಗೈಯ ಹೆಬ್ಬೆರಳಿನ ಉಗುರು ಸ್ವಲ್ಪ ಉದ್ದವಿತ್ತು. ಕಾರ್ಡಿಗೆಂದು ಅವನು ಅದೊಂದನ್ನು ಕತ್ತರಿಸುತ್ತಿರಲಿಲ್ಲ. ಶವ ಸಿದ್ಧಮಾಡಿದವರು ಮಿಕ್ಕ ಉಗುರುಗಳ ಜೊತೆ ಇದನ್ನೂ ಕತ್ತರಿಸಿಬಿಟ್ಟಿರಲಿಲ್ಲವಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಅದನ್ನು ಒಮ್ಮೆ ಮುಟ್ಟಿ ಹಿಂದೆ ಸರಿದಳು. ಮುಚ್ಚಳ ಕೆಳಗಿಳಿಯಿತು.

ಗುಡ್ಡದ ಮೇಲೆ ಹಿಮ ಬೆರೆತ ಮಳೆ ಓರೆಯಾಗಿ ಬೀಳುತ್ತಿತ್ತು. ಫಾದರ್ ಮೈರೊನ್ ಗುದ್ದಲಿಯಿಂದ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕೂ ಕಡೆ ಶಿಲುಬೆಯ ಗುರುತು ಹಾಕಿ ಮುದ್ರೆಯ ಮಾತು ಹೇಳಿದರು. ಗಾಯಕರು ‘ನಿತ್ಯಸ್ಮರಣೆ’ ಹಾಡಿದರು. ವಾಸಿಲ್ ನಿಲ್ಲುತ್ತಿದ್ದ ಜಾಗವನ್ನು ಖಾಲಿ ಬಿಟ್ಟಿದ್ದರಿಂದ ಹಾಡು ನಡುವೆ ಸ್ವಲ್ಪ ತೆಳುವಾಗಿತ್ತು. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿದರು. ವರ್ನಾಳ ಕೈಯಿಂದ ಮಣ್ಣು ಒಮ್ಮೆಗೇ ಬೀಳಲಿಲ್ಲ, ಒದ್ದೆಯಾಗಿ ಬೆರಳಿಗೆ ಅಂಟಿತ್ತು. ಅವಳು ಅವಸರ ಮಾಡಲಿಲ್ಲ.

ಜನ ಊಟಕ್ಕೆಂದು ಇಳಿದು ಹೋದರು. ಮಾರ್ಸಿ ತಾಯಿಯನ್ನು ಕಾರಿನಲ್ಲಿ ಕೂರಿಸಿ ಎಂಜಿನ್ ಚಾಲೂ ಮಾಡಿದಳು. ಕಿಟಕಿಯ ಗಾಜಿನ ಮೇಲಿನ ಆವಿಯನ್ನು ವರ್ನಾ ಅಂಗೈಯಿಂದ ಒರೆಸಿದಳು. ರಸ್ತೆಯಾಚೆ, ತಗ್ಗು ಕಲ್ಲುಗೋಡೆಯ ಆ ಬದಿಗೆ, ವೇಲ್ಸಿನವರ ಸ್ಮಶಾನ. ಅಲ್ಲಿ, ಇನ್ನೂ ಹುಲ್ಲು ಹುಟ್ಟದ ತಂದೆಯ ಸಮಾಧಿಯ ಮುಂದೆ ಓವೆನ್ ನಿಂತಿದ್ದ. ಟೋಪಿ ತೆಗೆದ ಬೋಳುತಲೆಯ ಮೇಲೆ ಹಿಮದ ಹನಿ ಬಿದ್ದು ಕತ್ತಿಗೆ ಇಳಿಯುತ್ತಿತ್ತು. ಕಾರ್ಡನ್ನು ಚಿತ್ರ ಕಲ್ಲಿನ ಕಡೆಗಿರುವಂತೆ ಎದೆಯ ಮಟ್ಟದಲ್ಲಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಟೋಪಿಯನ್ನು ಅದರ ಮೇಲೆ ಕೊಡೆಯಂತೆ ಚಾಚಿದ್ದ. ಅವನ ತುಟಿ ಅಲುಗುತ್ತಿತ್ತು. ಆಮೇಲೆ ನಿಂತಿತು. ತಲೆಯನ್ನು ಒಂದು ಕಡೆಗೆ ವಾಲಿಸಿ, ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವವನಂತೆ ನಿಂತ.

“ಹೋಗೋಣ್ವಾ ಅಮ್ಮ?” ಎಂದಳು ಮಾರ್ಸಿ.

“ಎಂಜಿನ್ ಆರಿಸು,” ಎಂದಳು ವರ್ನಾ. “ಸದ್ದಾಗುತ್ತೆ.”